ಬೆಂಕಿಪೊಟ್ಟಣದ ಆಟಗಾರ

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಬೀದಿಯವರು ಇಟ್ಟ ಹೆಸರು ಅದನ್ನು ನುಂಗಿ ನೀರು ಕುಡಿದಿತ್ತು. ಈಗ ಅವನು ಎಲ್ಲರಿಗೂ ತರಾತುರಿ. ಕೂತರೆ ಕಾಲು ಕುಣಿಸುತ್ತಾನೆ, ನಿಂತರೆ ಕೀಲಿಗೊಂಚಲು ಆಡಿಸುತ್ತಾನೆ, ಊಟಕ್ಕೆ ಕೂತರೆ ಬಡಿಸುವವರ ಕೈ ಹಿಂದೆ ಸರಿಯುವ ಮೊದಲೇ ಮೊದಲ ತುತ್ತು ಬಾಯಲ್ಲಿರುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ಅವನ ಹೆಂಡತಿ ಆಗಾಗ ಹೇಳುವುದುಂಟು. ಅವಳು ಗಾದೆಯ ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧವನ್ನು ಅವನೇ ಹೇಳಿ ಮುಗಿಸಿರುತ್ತಾನೆ.

ಅವನ ದೊಡ್ಡ ರೋಗವೇ ಅದು. ಬೇರೆಯವರ ಮಾತನ್ನು ಮುಗಿಸುವುದು. ಬಹಳಷ್ಟು ಸಲ ಸರಿಯಾಗಿಯೇ ಮುಗಿಸುತ್ತಾನೆ ಎಂಬುದು ಇನ್ನೂ ಕೆಟ್ಟ ಸಂಗತಿ, ಏಕೆಂದರೆ ತಪ್ಪಿದ್ದರೆ ಯಾರಾದರೂ ಗದರಿಸಿ ಎಂದೋ ಬಿಡಿಸಿರುತ್ತಿದ್ದರು.

ಇದು ಅಂಟಿದ್ದು ಅಣ್ಣನಿಂದ. ಅಣ್ಣನಿಗೆ ಮಾತು ತೊದಲುತ್ತಿತ್ತು. ತೊದಲು ಎಂದರೆ ಅಕ್ಷರ ಅಕ್ಷರ ಕುಟ್ಟುವ ತೊದಲಲ್ಲ. ಹೇಳಬೇಕಾದದ್ದು ಹೊಸ್ತಿಲ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ತುಟಿ ಬಿಗಿಯುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಸದ್ದು ಮಾತ್ರ ಇಲ್ಲ. ಕಾದರೆ ಬರುತ್ತಿತ್ತು. ಆದರೆ ಲೋಕದಲ್ಲಿ ಕಾಯುವವರು ಯಾರು? ‘ಅಣ್ಣನ ಜೊತೆ ಹೋಗೋ, ಅವನಿಗೆ ಮಾತು ಬರಲ್ಲ’ ಎಂದು ಅಮ್ಮ ಕಿರಿಯವನನ್ನು ಹಿಂದೆ ಕಳಿಸುತ್ತಿದ್ದಳು. ಅಂಗಡಿಯಲ್ಲಿ ಸಾಮಾನು ಕೇಳಲು, ಮೇಷ್ಟರ ಹತ್ತಿರ ರಜೆ ಕೇಳಲು, ಯಾರದೋ ತೋಟದ ಗೋಡೆ ಹಾರಿ ಸಿಕ್ಕಿಬಿದ್ದಾಗ ಸುಳ್ಳು ಹೇಳಲು, ಎಲ್ಲದಕ್ಕೂ ತಮ್ಮನೇ ಬಾಯಿ. ಅಣ್ಣ ತುಟಿ ಬಿಗಿದರೆ ಸಾಕು, ತಮ್ಮನ ಬಾಯಲ್ಲಿ ವಾಕ್ಯ ತಯಾರು. ನೋಡಿದವರೆಲ್ಲ ‘ಎಂಥಾ ಪ್ರೀತಿ ನೋಡಿ’ ಎಂದು ಹೊಗಳಿದರು. ಹೊಗಳಿಕೆಯ ಋಣದಲ್ಲಿ ಹುಡುಗ ಕೆಟ್ಟ.

ಒಂದೇ ಒಂದು ಸಲ ಅದು ಕೈಕೊಟ್ಟಿತ್ತು. ಅಣ್ಣನಿಗೆ ಹಲ್ಲುನೋವು ಬಂದಾಗ ದಂತವೈದ್ಯರು ‘ಯಾವ ಹಲ್ಲಪ್ಪಾ?’ ಎಂದರು. ಅಣ್ಣ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಮಾತಿಗಾಗಿ ಹೆಣಗುತ್ತಿದ್ದ. ತಮ್ಮ ಬಾಗಿಲಲ್ಲೇ ನಿಂತು, ‘ಎಡಗಡೆ, ಮುಂದಿನದು, ಕೆಳಗೆ’ ಎಂದುಬಿಟ್ಟ. ಅಣ್ಣ ಬೇಡ ಬೇಡ ಎಂದು ಕೈಯಾಡಿಸಿದ್ದನ್ನು ವೈದ್ಯರು ಹೆದರಿಕೆ ಎಂದುಕೊಂಡರು. ಒಳ್ಳೆಯ ಹಲ್ಲು ಹೋಯಿತು, ಹುಳುಕು ಹಲ್ಲು ಉಳಿಯಿತು. ಆ ಕಿಂಡಿ ಅಣ್ಣನ ನಗುವಿನಲ್ಲಿ ಇಂದಿಗೂ ಇದೆ. ಮನೆಯಲ್ಲಿ ಅದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ, ಅಣ್ಣನೂ ನಗುತ್ತಾನೆ. ಆ ನಗುವನ್ನು ತರಾತುರಿ ಎಂದೂ ಸರಿಯಾಗಿ ನೋಡಿರಲಿಲ್ಲ.

ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಚಿತ್ರಗಳಿಗೆ ಫ್ರೇಮು ಹಾಕುವ ಅಂಗಡಿ ಇಟ್ಟರು. ಕಿರಿದಾದ ಜಾಗ. ಮುಂದೆ ಗಿರಾಕಿಗಳ ಕಟ್ಟೆ, ಹಿಂದೆ ಅಣ್ಣನ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಮೂಲೆಯಲ್ಲಿ ಗಾಜಿನ ಹಾಳೆಗಳು. ಅಣ್ಣ ಗಾಜು ಕೊಯ್ಯುತ್ತಾನೆ, ಮೂಲೆಗಳನ್ನು ಕೂಡಿಸುತ್ತಾನೆ, ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾನೆ. ತಮ್ಮ ಕಟ್ಟೆಯಲ್ಲಿ ನಿಂತು ಮಾತಾಡುತ್ತಾನೆ. ಯಾರಾದರೂ ಅಣ್ಣನನ್ನೇ ನೋಡಿ, ‘ಈ ಫೋಟೋಗೆ ಯಾವ ಬಣ್ಣ ಒಪ್ಪುತ್ತೆ?’ ಎಂದು ಕೇಳಿದರೂ ಉತ್ತರ ಕಟ್ಟೆಯಿಂದಲೇ. ಗಿರಾಕಿಗಳಿಗೂ ಅಭ್ಯಾಸವಾಯಿತು. ಅಣ್ಣ ಎಂದರೆ ಕೈ, ತಮ್ಮ ಎಂದರೆ ಬಾಯಿ.

ಆಟ ಅವರ ಪಾಲಿಗೆ ಬಂದದ್ದೂ ಅಂಗಡಿಯಿಂದಲೇ. ಎದುರು ಬೀದಿಯಲ್ಲಿ ನೋಟ್‌ಬುಕ್ಕು, ಪೆನ್ನು, ಬಣ್ಣದ ಕಾಗದ ಮಾರುವ ಹೆಂಗಸೊಬ್ಬಳಿದ್ದಳು. ಕಿವಿಯ ಮೇಲೆ ಸದಾ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ಪೆನ್ಸಿಲಕ್ಕ. ಅವಳು ಒಂದು ದಿನ ‘ಕೋಟೆ ಕಾಳಗ’ ಎಂಬ ಆಟದ ಕಾರ್ಡುಗಳ ದೊಡ್ಡ ಹಾಳೆಯೊಂದನ್ನು ಫ್ರೇಮಿಗೆ ತಂದಳು. ಅಣ್ಣ ಅದಕ್ಕೆ ಗಾಜು ಹಾಕುವ ಬದಲು ಒಂದೊಂದು ಕಾರ್ಡಿನ ಸಣ್ಣಕ್ಷರವನ್ನೂ ಓದುತ್ತ ಕೂತುಬಿಟ್ಟ. ಮುಂದಿನ ಭಾನುವಾರ ಇಬ್ಬರೂ ಪೆನ್ಸಿಲಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದರು. ನೋಟ್‌ಬುಕ್ಕಿನ ರಾಶಿಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳು, ತಲೆಯಾಡಿಸುವ ಫ್ಯಾನು. ಕಾಲೇಜಿನ ಹುಡುಗಿಯರು, ಒಬ್ಬ ಬ್ಯಾಂಕ್ ಕ್ಯಾಷಿಯರ್, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ವಯಸ್ಸಾದವರು ಮಕ್ಕಳಾಟ ಆಡುತ್ತಾರೆಂದು ನಗುವವರು ಹೊರಗಿದ್ದರು. ಒಳಗೆ ಯಾರೂ ನಗುತ್ತಿರಲಿಲ್ಲ.

ಆಟದ ಗುಟ್ಟು ದೊಡ್ಡದೇನಲ್ಲ. ಇಬ್ಬರಿಗೂ ಒಂದೊಂದು ಕೋಟೆ, ಕೋಟೆಗೆ ಇಪ್ಪತ್ತು ಪ್ರಾಣ. ಪ್ರತಿ ಸರದಿಗೂ ಖರ್ಚು ಮಾಡಲು ಸಿಗುವ ಬಲ ಒಂದೊಂದಾಗಿ ಏರುತ್ತದೆ. ದೊಡ್ಡ ಕಾರ್ಡುಗಳಿಗೆ ಹೆಚ್ಚು ಬಲ ಬೇಕು, ಸಣ್ಣವಕ್ಕೆ ಕಡಿಮೆ. ಯಾವ ಯಾವ ಕಾರ್ಡು ಸೇರಿಸಿ ತನ್ನ ಕಟ್ಟನ್ನು ಕಟ್ಟಿಕೊಳ್ಳಬೇಕು ಎಂಬುದು ಅವರವರ ತಲೆಗೆ ಬಿಟ್ಟದ್ದು. ಎದುರಾಳಿಯ ಕೋಟೆಯ ಪ್ರಾಣ ಮೊದಲು ತೆಗೆದವನು ಗೆದ್ದ.

ತರಾತುರಿ ಕಟ್ಟಿಕೊಂಡ ಕಟ್ಟು ಅವನ ಹಾಗೇ ಇತ್ತು. ಎಲ್ಲ ಸಣ್ಣವು: ಕಣಜದ ಹುಳು, ಕಾಡುನಾಯಿ, ಕಿಡಿ. ಮೊದಲ ಸರದಿಯಲ್ಲೇ ಹೊಡೆತ, ಎರಡನೆಯದರಲ್ಲಿ ಇನ್ನೆರಡು. ಎದುರಿನವನು ತನ್ನ ದೊಡ್ಡ ಆನೆ, ಅರಮನೆ ಎಲ್ಲ ಇಳಿಸಲು ಬಲ ಕೂಡಿಡುತ್ತಿರುವಾಗಲೇ ಅವನ ಬಾಗಿಲು ಮುರಿದಿರುತ್ತಿತ್ತು. ‘ಹುಚ್ಚುಕುದುರೆ’ ಎಂಬ ಕಾರ್ಡಂತೂ ಎದುರಿನವರಿಗೆ ನಾಲ್ಕು ಏಟು ಕೊಟ್ಟರೆ ಸಾಕಿದವನನ್ನೂ ಎರಡು ಕಚ್ಚುತ್ತಿತ್ತು. ಅವನು ಅದಕ್ಕೂ ಸೈ. ತನ್ನ ಪ್ರಾಣ ಎಷ್ಟು ಉಳಿದಿದೆ ಎಂದು ನೋಡುತ್ತಲೇ ಇರಲಿಲ್ಲ, ಎದುರಿನವರದ್ದು ಎಷ್ಟಿದೆ ಎಂಬುದೊಂದೇ ಲೆಕ್ಕ. ಇಂಥ ಕಟ್ಟಿಗೆ ಆಯಸ್ಸು ಕಡಿಮೆ. ಬೇಗ ಮುಗಿಸದಿದ್ದರೆ ಕೈಯಲ್ಲಿ ಕಾರ್ಡೇ ಉಳಿಯದೆ ತಾನೇ ಬೂದಿ. ಅದಕ್ಕೇ ಕೋಣೆಯವರು ಅದಕ್ಕೆ ‘ಬೆಂಕಿಪೊಟ್ಟಣ’ ಎಂದು ಹೆಸರಿಟ್ಟರು. ಅವನು ಆ ಹೆಸರಿಗೂ ಉಬ್ಬಿದ.

ಇಲ್ಲಿ ಒಂದು ಮಾತು ಹೇಳಬೇಕು. ಬೇಗ ಹೊಡೆಯುವುದು ತಪ್ಪಲ್ಲ. ಅದೂ ಒಂದು ವಿದ್ಯೆ, ಅದಕ್ಕೂ ಎದೆಗಾರಿಕೆ ಬೇಕು. ಆದರೆ ಆ ಕೋಣೆಗೆ ಪೆನ್ಸಿಲಕ್ಕ ಮಾಡಿದ ಒಂದು ಕಟ್ಟಳೆ ಇತ್ತು: ಏಟು ಲೆಕ್ಕ ಹಾಕುವ ಮೊದಲು ಎದುರಿನವರನ್ನು ‘ಇದೆಯಾ?’ ಎಂದು ಕೇಳಬೇಕು. ತಡೆಯುವ ಕಾರ್ಡು ಕೈಯಲ್ಲಿದ್ದರೆ ಅವರು ‘ಇದೆ’ ಎನ್ನಬೇಕು, ಇಲ್ಲವಾದರೆ ‘ಇಲ್ಲ’. ಬಾಯಿ ತೆರೆಯಲು ಮನಸ್ಸಿಲ್ಲದವರು ಮೇಜಿನ ಮೇಲೆ ಬೆರಳಿನಿಂದ ತಟ್ಟಿದರೂ ಆಯಿತು, ಎದುರಿನವರು ನಿಲ್ಲಬೇಕು. ಮತ್ತೆ, ಆಟ ಮುಗಿದು ಕಾರ್ಡು ಒಟ್ಟುಮಾಡಿದ ಮೇಲೆ ಯಾರೂ ಕಮಕ್ ಕಿಮಕ್ ಅನ್ನುವಂತಿಲ್ಲ.

ಆ ಬೆರಳ ಕಟ್ಟಳೆಯೇ ಅಣ್ಣನನ್ನು ಆ ಕೋಣೆಗೆ ಕಟ್ಟಿಹಾಕಿದ್ದು. ಅವನದು ಗೋಡೆಗಳ ಕಟ್ಟು. ಏಟು ತಿನ್ನುತ್ತ, ಬಲ ಉಳಿಸುತ್ತ, ಕಾಯುತ್ತ ಆಡುವವನು. ಎದುರಿನವರು ‘ಇದೆಯಾ?’ ಎಂದಾಗ ಬೆರಳು ಟಕ್ ಎನ್ನುತ್ತಿತ್ತು. ಕ್ಯಾಷಿಯರ್ ಆಗಲಿ ಕಾಲೇಜಿನ ಹುಡುಗಿಯಾಗಲಿ ಕೈ ಕಟ್ಟಿ ನಿಲ್ಲುತ್ತಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ಜನ ಅವನಿಗಾಗಿ ನಿಲ್ಲುತ್ತಿದ್ದರು. ವಾರವಿಡೀ ಮೊಳೆ ಕಚ್ಚಿಕೊಂಡು ಬಗ್ಗಿರುತ್ತಿದ್ದ ಮನುಷ್ಯ ಭಾನುವಾರ ಎದೆ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ.

ಹೀಗಿರುವಾಗ ದೊಡ್ಡ ಊರಿನಲ್ಲಿ ಕೋಟೆ ಕಾಳಗದ ಪಂದ್ಯ ನಡೆಯುತ್ತದೆಂದೂ ಆಟ ಆಡಿಸುವ ಒಂದೊಂದು ಅಂಗಡಿಯಿಂದ ಒಬ್ಬರಿಗೆ ಮಾತ್ರ ಜಾಗವೆಂದೂ ಸುದ್ದಿ ಬಂತು. ಆ ಸಂಜೆ ಅಂಗಡಿ ಮುಚ್ಚುವಾಗ ಅಣ್ಣ ತಮ್ಮನ ತೋಳು ಹಿಡಿದು ನಿಲ್ಲಿಸಿದ.

‘ಈ... ಈ ಸಲ... ನಾನು...’

‘ನೀನು ಹೋಗ್ಬೇಕು ಅಂತೀಯ. ಹೋಗ್ತೀಯ ಬಿಡಣ್ಣ, ಯಾರು ಬೇಡ ಅಂದ್ರು?’ ಎಂದು ತಮ್ಮ ಬೀಗ ಹಾಕಿದ.

ಅಣ್ಣನಿಗೆ ಹೇಳಲು ಇನ್ನೂ ಇತ್ತು. ಬೀಗ ಬಿದ್ದ ಸದ್ದಿಗೆ ಅದು ಒಳಗೇ ಉಳಿಯಿತು.

ಕೋಣೆಯ ಆಟಗಳಲ್ಲಿ ಅಣ್ಣ ಒಬ್ಬೊಬ್ಬರನ್ನೇ ಸುಸ್ತು ಮಾಡಿ ಗೆದ್ದ, ತಮ್ಮ ಒಬ್ಬೊಬ್ಬರನ್ನೇ ಸುಟ್ಟು ಗೆದ್ದ. ಕೊನೆಯ ಆಟಕ್ಕೆ ಉಳಿದವರು ಅವರಿಬ್ಬರೇ. ಅಣ್ಣನ ಆಸೆ ಗೊತ್ತಿದ್ದೂ ತರಾತುರಿ ಆಟಕ್ಕೆ ಕೂತ. ಬೇಕೆಂದೇ ಸೋಲುವುದು ಅಣ್ಣನಿಗೆ ಮಾಡುವ ಅವಮಾನ ಎಂದು ಅವನೇ ಅಂದುಕೊಂಡಿದ್ದ, ಅದು ನಿಜವೂ ಹೌದು. ಆದರೆ ಕಾರ್ಡು ಕೈಗೆ ಬಂದ ಮೇಲೆ ಎದುರಿಗಿದ್ದವನು ಅಣ್ಣ ಎಂಬುದೇ ಅವನಿಗೆ ಮರೆತುಹೋಯಿತು. ಎದುರಿಗಿದ್ದದ್ದು ಇಳಿಯುತ್ತಿರುವ ಒಂದು ಸಂಖ್ಯೆ ಮಾತ್ರ.

ಕಣಜ, ನಾಯಿ, ಕಿಡಿ. ಅಣ್ಣನ ಒಂದು ಗೋಡೆ ಬಿತ್ತು, ಇನ್ನೊಂದು ಎದ್ದಿತು. ಹುಚ್ಚುಕುದುರೆ ಇಳಿಯಿತು, ಸಾಕಿದವನನ್ನೂ ಕಚ್ಚಿತು, ಅವನು ಲೆಕ್ಕಿಸಲಿಲ್ಲ. ಅಣ್ಣನ ಪ್ರಾಣ ಐದಕ್ಕೆ ಇಳಿಯಿತು. ತರಾತುರಿಯದೂ ನಾಲ್ಕಕ್ಕೆ ಬಂದಿತ್ತು, ಕೈಯಲ್ಲಿ ಒಂದೂ ಕಾರ್ಡಿರಲಿಲ್ಲ. ಈ ಸರದಿ ತಪ್ಪಿದರೆ ಅವನ ಕಥೆ ಮುಗಿದಂತೆ. ಕುರ್ಚಿಗಳೆಲ್ಲ ಮೇಜಿನ ಸುತ್ತ ಸರಿದಿದ್ದವು. ಅವನು ಮೇಜಿನ ಮೇಲೆ ಉಳಿದದ್ದನ್ನೆಲ್ಲ ಮುಂದಕ್ಕೆ ತಳ್ಳಿದ: ಕುದುರೆ, ಎರಡು ನಾಯಿ.

‘ಇದೆಯಾ?’ ಎಂದ.

ಅಣ್ಣನ ಬೆರಳು ಮೇಜಿನ ಮೇಲೇ ಇತ್ತು. ಅದು ತಟ್ಟಲಿಲ್ಲ. ಅಣ್ಣ ತಲೆಯೆತ್ತಿ ತಮ್ಮನ ಮುಖ ನೋಡಿದ. ತುಟಿ ಬಿಗಿಯಿತು, ಕತ್ತಿನ ನರ ಉಬ್ಬಿತು.

‘ಇಲ್ಲ!’ ಎಂದ ತರಾತುರಿ. ಅಣ್ಣನ ಪರವಾಗಿ. ‘ಎಂಟೇಟು. ಮುಗೀತು!’

ಎಂದವನೇ ಎರಡೂ ಕೈ ಚಾಚಿ ಕಾರ್ಡುಗಳನ್ನು ಒಟ್ಟುಮಾಡಿದ. ತನ್ನವನ್ನೂ ಅಣ್ಣನವನ್ನೂ. ಅಣ್ಣನ ಕೈಯಲ್ಲಿದ್ದದ್ದನ್ನೂ ಎಳೆದುಕೊಂಡ, ಚಿಕ್ಕಂದಿನಿಂದ ಅವನ ಚೀಲ ಎಳೆದುಕೊಂಡು ತಾನೇ ಹೊತ್ತ ಅಭ್ಯಾಸ. ಸುತ್ತ ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಅವನ ಅಂಗೈಯಲ್ಲಿ ಒಂದು ಕಾರ್ಡು ಮೇಲ್ಮುಖವಾಗಿ ತಿರುಗಿತು.

‘ಮಾರ್ದನಿ’. ಬಂದ ಏಟನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವ ಕಾರ್ಡು. ಅದಕ್ಕೆ ಬೇಕಾದ ಬಲವನ್ನು ಅಣ್ಣ ಖರ್ಚು ಮಾಡದೆ ಬದಿಗಿಟ್ಟಿದ್ದ. ಎಂಟೇಟು ತಿರುಗಿ ಬಂದಿದ್ದರೆ ನಾಲ್ಕು ಪ್ರಾಣದ ತರಾತುರಿ ಸುಟ್ಟು ಬೂದಿಯಾಗುತ್ತಿದ್ದ. ಆಟ ಅಣ್ಣನದಾಗಿತ್ತು, ದೊಡ್ಡ ಊರಿನ ಜಾಗವೂ ಅಣ್ಣನದೇ. ನಡುವೆ ಬೇಕಿದ್ದದ್ದು ಒಂದು ಉಸಿರಿನಷ್ಟು ಪುರಸೊತ್ತು.

ಬೇರೆ ಯಾರೂ ನೋಡಲಿಲ್ಲ. ಆಗಲೂ ಹೇಳಬಹುದಿತ್ತು. ಅವನು ಆ ಕಾರ್ಡನ್ನು ರಾಶಿಯ ನಡುವೆ ತೂರಿಸಿದ.

ಪೆನ್ಸಿಲಕ್ಕ ಬಂದು ಅಣ್ಣನ ಭುಜದ ಮೇಲೆ ಕೈಯಿಟ್ಟು, ‘ಅಷ್ಟು ಬಲ ಉಳಿಸ್ಕೊಂಡಿದ್ಯಲ್ಲಪ್ಪಾ, ಕೈಲಿ ಏನಿತ್ತು?’ ಎಂದಳು. ಅವಳು ಕೇಳಿದ್ದು ಅಣ್ಣನನ್ನು. ಅಣ್ಣ ಮತ್ತೆ ತಲೆಯೆತ್ತಿದ.

‘ಏನಿರುತ್ತಕ್ಕಾ ಪಾಪ, ಬರೀ ಗೋಡೆ,’ ಎಂದ ತಮ್ಮ.

ಅಣ್ಣ ಅವನನ್ನೇ ನೋಡಿದ. ಆಮೇಲೆ ಹೌದು ಎಂಬಂತೆ ತಲೆಯಾಡಿಸಿ, ನಕ್ಕ. ಹಲ್ಲಿನ ಕಿಂಡಿ ಕಂಡಿತು. ಈ ಸಲ ತರಾತುರಿ ಅದನ್ನು ಸರಿಯಾಗಿ ನೋಡಿದ. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ. ಭೂಮಿಗೆ ಅಂಥ ಅವಸರವೇನೂ ಇರಲಿಲ್ಲ.

ಆಮೇಲಿನ ದಿನಗಳು ಅವನಿಗೆ ಬಾಯಲ್ಲಿಟ್ಟ ಬಿಸಿತುಪ್ಪವಾದವು. ಉಗುಳಲಾರ, ನುಂಗಲಾರ. ಕಟ್ಟೆಯಲ್ಲಿ ಗಿರಾಕಿ ಏನಾದರೂ ಕೇಳಿದರೆ ಹೂಂ, ಊಹೂಂ. ಅಳತೆ ತಪ್ಪು ಹೇಳಿ ಒಂದು ಒಳ್ಳೆಯ ಪಟ್ಟಿಯನ್ನು ಗಿಡ್ಡ ಮಾಡಿಸಿದ. ಅಣ್ಣ ಏನೂ ಅನ್ನದೆ ಅದರಲ್ಲೇ ಸಣ್ಣ ಫ್ರೇಮು ಮಾಡಿಟ್ಟ. ಅಣ್ಣನಿಗೆ ಮದುವೆಯಾಗಿರಲಿಲ್ಲ, ಊಟ ತಮ್ಮನ ಮನೆಯಲ್ಲೇ. ಊಟದ ಹೊತ್ತಿನಲ್ಲಿ ತರಾತುರಿ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

‘ಏನ್ರೀ, ಗೆದ್ದೋರು ನೀವು, ಸೋತೋರು ಭಾವ. ಮುಖ ನೋಡಿದ್ರೆ ಉಲ್ಟಾ ಇದೆಯಲ್ಲ?’ ಎಂದಳು ಹೆಂಡತಿ.

‘ಅಣ್ಣನ ಹತ್ರ ಏನೂ ಇರ್ಲಿಲ್ಲ ಕಣೇ,’ ಎಂದ ಅವನು.

‘ಇತ್ತು ಅಂತ ನಾನೆಲ್ಲಿ ಅಂದೆ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಕೈ ತೊಳೆದುಕೊಂಡು ಎದ್ದುಹೋದ.

ಮುಂದಿನ ಭಾನುವಾರ ಅಣ್ಣ ಆಟಕ್ಕೆ ಹೊರಡಲಿಲ್ಲ. ಗಾಜು ಕೊಯ್ಯುವುದಿದೆ ಎಂದು ಕೈಯಲ್ಲೇ ತೋರಿಸಿದ. ವಾರದಲ್ಲಿ ಅವನಿಗಿದ್ದ ಒಂದೇ ದಿನವನ್ನೂ ತಾನು ಕಿತ್ತುಕೊಂಡೆ ಎಂದು ಆಗ ತರಾತುರಿಗೆ ಹೊಳೆಯಿತು. ಇನ್ನು ತಡೆಯಲಾರೆ ಎಂದು ಪೆನ್ಸಿಲಕ್ಕನ ಅಂಗಡಿಗೆ ಓಡಿದ. ಓಡಿದ ಎಂದೆ, ನೋಡಿ. ಪಶ್ಚಾತ್ತಾಪಕ್ಕೂ ಅವನದು ಓಟವೇ.

ಎಲ್ಲರೂ ಕೂತಿದ್ದರು. ಅವನು ಬಾಗಿಲಲ್ಲೇ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ: ಅಣ್ಣನ ಕೈಯಲ್ಲಿ ಮಾರ್ದನಿ ಇತ್ತು, ಬಲವೂ ಇತ್ತು, ಪಾಪ ಅವನಿಗೆ ಬಾಯಿ ಬರಲಿಲ್ಲ, ನಾನು ಕಾಯಲಿಲ್ಲ, ಕಾರ್ಡು ನೋಡಿದ ಮೇಲೂ ಬಚ್ಚಿಟ್ಟೆ, ಸುಳ್ಳು ಹೇಳಿದೆ, ಆ ಜಾಗ ಅವನದು, ನನ್ನ ಹೆಸರು ತೆಗೆದುಹಾಕಿ. ಡ್ರಾಯಿಂಗ್ ಮೇಷ್ಟ್ರು ‘ಅಯ್ಯೋ ಪಾಪ, ಬಾಯಿಲ್ಲದ ಜೀವ’ ಎಂದು ಲೊಚಗುಟ್ಟಿದರು. ಕಾಲೇಜಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ಪೆನ್ಸಿಲಕ್ಕ ಮಾತ್ರ ಅವನನ್ನೇ ನೋಡುತ್ತಿದ್ದಳು. ‘ಅವನೆಲ್ಲಿ?’ ಎಂದಳು.

‘ಅಂಗಡೀಲಿದಾನೆ ಅಕ್ಕ.’

‘ಇಲ್ಲಿ ಬಂದು ಹೀಗೆ ಹೇಳ್ತೀನಿ ಅಂತ ಅವನಿಗೆ ಹೇಳಿದ್ಯಾ?’

‘ಇಲ್ಲ, ಈಗ್ಲೇ ಹೋಗಿ ಹೇಳ್ತೀನಿ.’

‘ಅವನು ಹೋಗ್ತಾನಂತಾ?’

‘ಹೋಗ್ತಾನಕ್ಕ, ಹೋಗ್ತಾನೆ! ಕೇಳ್ಬೇಕಾ?’

‘ಕೇಳ್ಬೇಕಪ್ಪಾ,’ ಎಂದಳು ಪೆನ್ಸಿಲಕ್ಕ. ‘ಅದೊಂದನ್ನೇ ನೀನು ಕಲಿಯಲಿಲ್ಲ.’

ಆ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕೆಸರು ತೊಳೆದುಕೊಂಡವನ ಹಗುರದಲ್ಲಿ ಬೀದಿ ದಾಟಿ ಬಂದ. ಅಣ್ಣ ಮೇಜಿನ ಮೇಲೆ ಗಾಜಿನ ಹಾಳೆ ಹರಡಿ, ಅಳತೆಕೋಲಿನ ಪಕ್ಕದಲ್ಲಿ ಕಟ್ಟರ್ ಎಳೆಯುತ್ತಿದ್ದ. ಗಾಜಿನ ಮೇಲೆ ಗೀರು ಎಳೆಯುವಾಗ ನಡುವೆ ಕೈ ನಿಲ್ಲಿಸಬಾರದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನಿಂತರೆ ಗಾಜು ಸೊಟ್ಟ ಒಡೆಯುತ್ತದೆ.

‘ಅಣ್ಣಾ, ಹೇಳ್ಬಿಟ್ಟೆ! ಎಲ್ರ ಮುಂದೇನೇ ಹೇಳ್ಬಿಟ್ಟೆ. ನಿನ್ನ ಕೈಲಿ ಮಾರ್ದನಿ ಇತ್ತು, ನಿನಗೆ ಬಾಯಿ ಬರ್ಲಿಲ್ಲ, ತಪ್ಪು ನಂದು ಅಂತ. ಎಲ್ರಿಗೂ ಎಷ್ಟು ಬೇಜಾರಾಯ್ತು ಗೊತ್ತಾ, ಮೇಷ್ಟ್ರಂತೂ ಪಾಪ ಪಾಪ ಅಂದ್ರು. ಪಂದ್ಯಕ್ಕೆ ನೀನೇ ಹೋಗೋದು!’

ಅಣ್ಣನ ಕೈ ನಡುವೆ ನಿಂತಿತು. ಗಾಜು ಟಣ್ ಎಂದು ಮೂಲೆಯ ಕಡೆಗೆ ಸೀಳಿತು. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಗಾಜು ಹೀಗೆ ಒಡೆದದ್ದನ್ನು ತಮ್ಮ ನೋಡಿರಲಿಲ್ಲ.

‘ಎ... ಎಲ್ರ ಮುಂದೆ?’

‘ಹೂಂ.’

‘ನಾನು... ಇಲ್ದಾಗ?’

ತರಾತುರಿ ಬಾಯಿ ತೆರೆದ. ಹಾಗಲ್ಲಣ್ಣ, ನಿನ್ನ ಒಳ್ಳೇದಕ್ಕೇ, ನನ್ನ ಮನಸ್ಸು ತಡೀಲಿಲ್ಲ ಎಂದು ಮೂರು ವಾಕ್ಯ ಒಟ್ಟಿಗೇ ನಾಲಿಗೆಗೆ ಬಂದವು. ಅಣ್ಣನ ತುಟಿ ಬಿಗಿಯುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಕತ್ತಿನ ನರ ಉಬ್ಬುತ್ತಿತ್ತು. ಅದೇ ಮುಖ, ಅವತ್ತು ಮೇಜಿನ ಆಚೆ ಇದ್ದದ್ದು. ಅವನು ತನ್ನ ಬಾಯನ್ನು ತಾನು ನಂಬಲಿಲ್ಲ. ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ಚಿಟಿಕೆ ಸಣ್ಣ ಮೊಳೆ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡ.

ಅಣ್ಣನ ಮಾತು ಬರಲು ಬಹಳ ಹೊತ್ತಾಯಿತು. ನಡುನಡುವೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಹೊಸ್ತಿಲಿಗೆ ಬಂತು. ಬಿಡಿಸಿ ಬರೆದರೆ ಇಷ್ಟು:

‘ನನಗೆ ಬೆರಳಿತ್ತು ಕಣೋ. ತಟ್ಟಬಹುದಾಗಿತ್ತು. ತಟ್ಟಿದ್ರೆ ನೀನೂ ನಿಲ್ತಿದ್ದೆ. ಬಾಯಲ್ಲಿ ಹೇಳ್ಬೇಕು ಅಂತ ಇತ್ತು ಅವತ್ತು. ಪಂದ್ಯಕ್ಕೆ ಹೋದ್ರೆ ಗುರುತಿಲ್ಲದವರ ಮುಂದೆ ಬಾಯಲ್ಲೇ ಹೇಳ್ಬೇಕಲ್ಲ, ಅದಕ್ಕೆ. ಆ ಒಂದು ಮಾತನ್ನ ಇಲ್ಲೇ, ಗಾಜಿನ ಮುಂದೆ ಎಷ್ಟು ಸಲ ಹೇಳ್ಕೊಂಡಿದ್ದೆ. ಎದುರಿಗಿರೋನು ನೀನು, ನೀನಾದ್ರೆ ಕಾಯ್ತೀಯ ಅಂದ್ಕೊಂಡೆ.’

ಮೊಳೆಗಳು ತರಾತುರಿಯ ತುಟಿಗೆ ಚುಚ್ಚುತ್ತಿದ್ದವು. ಅವನು ಅಲುಗಲಿಲ್ಲ.

‘ಸೋತಿದ್ದಕ್ಕಲ್ಲ,’ ಎಂದ ಅಣ್ಣ ಮತ್ತೆ ಬಹಳ ಹೊತ್ತಿನ ಮೇಲೆ. ‘ಆ ಕೋಣೇಲಿ ನಾನು ಆಟ ಆಡೋನಾಗಿದ್ದೆ. ಈಗ ಹೋಗಿ ಪಾಪದವನನ್ನಾಗಿ ಮಾಡಿ ಬಂದ್ಯಲ್ಲ. ಅದನ್ನೂ ನನ್ನ ಕೇಳ್ದೆ.’

ಇಷ್ಟು ಹೇಳಿ ಒಡೆದ ಗಾಜಿನ ಚೂರುಗಳನ್ನು ಕಾಗದದ ಮೇಲೆ ಒಟ್ಟುಮಾಡತೊಡಗಿದ. ತರಾತುರಿ ಸಹಾಯಕ್ಕೆ ಕೈ ಚಾಚಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಅಂಗಡಿಯ ಪ್ರತಿಯೊಂದು ದಿನವೂ ನೆನಪಾಗತೊಡಗಿತು. ಎಷ್ಟು ಗಿರಾಕಿಗಳ ಎಷ್ಟು ಪ್ರಶ್ನೆಗೆ ಅಣ್ಣ ಹೀಗೆ ತಲೆಯೆತ್ತಿದ್ದ, ಎಷ್ಟು ಸಲ ಮತ್ತೆ ಬಗ್ಗಿದ್ದ. ಅದೆಲ್ಲವನ್ನೂ ಪ್ರೀತಿ ಎಂದೇ ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದ. ಅತ್ತುಬಿಟ್ಟರೆ ಹಗುರಾಗಬಹುದಿತ್ತು, ಆದರೆ ಅತ್ತರೆ ಅಣ್ಣ ಬಂದು ಸಮಾಧಾನ ಮಾಡುತ್ತಾನೆಂದು ಗೊತ್ತಿತ್ತು. ಅದನ್ನೂ ಅವನಿಂದ ಕಿತ್ತುಕೊಳ್ಳುವಷ್ಟು ಮುಖ ಉಳಿದಿರಲಿಲ್ಲ.

ಮೊಳೆಗಳನ್ನು ಅಂಗೈಗೆ ಉಗುಳಿ, ಒಂದೇ ಒಂದು ಮಾತು ಕೇಳಿದ.

‘ಹೋಗ್ತೀಯಾ ಅಣ್ಣ?’

ಕೇಳಿ ಸುಮ್ಮನಾದ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಅಣ್ಣ ಚೂರುಗಳನ್ನು ಮಡಚಿ ಕಟ್ಟಿ, ಮೂಲೆಯ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡ.

‘ಹೋ... ಹೋಗ್ತೀನಿ,’ ಎಂದ. ತಮ್ಮನ ಮುಖ ಅರಳುವುದರೊಳಗೆ ಉಳಿದದ್ದೂ ಬಂತು. ‘ನೀನು ಬರ್ಬೇಡ.’

ಅವನು ತಲೆಯಾಡಿಸಿದ. ಅದಕ್ಕೆ ಎದುರಾಡುವ ಹಕ್ಕು ತನಗಿಲ್ಲವೆಂದು ಮೊದಲ ಬಾರಿಗೆ ಅವನಿಗೆ ಯಾರೂ ಹೇಳದೆ ತಿಳಿದಿತ್ತು.

ಅಣ್ಣನೇ ಪೆನ್ಸಿಲಕ್ಕನ ಹತ್ತಿರ ಹೋಗಿ ಒಪ್ಪಿಗೆ ಹೇಳಿ ಬಂದ. ಹೊರಡುವ ಬೆಳಿಗ್ಗೆ ಹೆಂಡತಿ ಭಾವನಿಗೆ ಬುತ್ತಿ ಕಟ್ಟಿ ಕೊಟ್ಟಳು. ತರಾತುರಿ ಚಪ್ಪಲಿ ಮೆಟ್ಟಿಕೊಂಡು, ‘ಬಸ್ ಸ್ಟ್ಯಾಂಡ್ ತನಕ ಬರ್ಲಾ?’ ಎಂದು ಕೇಳಿ, ಕಾದ. ಅಣ್ಣ ಸ್ವಲ್ಪ ಯೋಚಿಸಿ, ಬಾ ಎಂದು ತಲೆಯಾಡಿಸಿದ. ಚೀಲ ಮಾತ್ರ ಕೊಡಲಿಲ್ಲ.

ಟಿಕೆಟ್ಟಿನ ಕಿಟಕಿಯ ಮುಂದೆ ಉದ್ದನೆಯ ಸಾಲಿತ್ತು. ಅಣ್ಣ ಸಾಲಿಗೆ ಸೇರಿದ. ತಮ್ಮ ಬದಿಯ ಕಂಬದ ಹತ್ತಿರ ಕೈ ಕಟ್ಟಿಕೊಂಡು ನಿಂತ. ಸಾಲು ಕರಗಿ ಅಣ್ಣನ ಸರದಿ ಬಂತು. ಕಿಟಕಿಯ ಒಳಗಿದ್ದವಳು ದಪ್ಪ ಕನ್ನಡಕದ ಹೆಂಗಸು, ತಲೆಯೆತ್ತದೆಯೇ ‘ಎಲ್ಲಿಗೆ?’ ಎಂದಳು.

ಅಣ್ಣನ ತುಟಿ ಬಿಗಿಯಿತು.

ತರಾತುರಿಯ ಬಾಯಲ್ಲಿ ಊರಿನ ಹೆಸರು ಬಂದು ಕೂತಿತ್ತು. ಒಂದು ಹೆಜ್ಜೆ ಮುಂದಿಟ್ಟರೆ, ಒಂದು ಕೂಗು ಹಾಕಿದರೆ ಮುಗಿಯುತ್ತಿತ್ತು. ಅವನು ಕಂಬವನ್ನು ಹಿಡಿದುಕೊಂಡ. ಸಾಲಿನಲ್ಲಿ ಹಿಂದಿದ್ದವರು ಕತ್ತು ಉದ್ದ ಮಾಡಿ ನೋಡಿದರು, ಒಬ್ಬ ಗಡಿಯಾರ ನೋಡಿಕೊಂಡ. ಅಣ್ಣನ ಬೆನ್ನಿಗೇ ನಿಂತಿದ್ದ ಮನುಷ್ಯ ತಾಳ್ಮೆಗೆಟ್ಟು, ‘ಎಲ್ಲಿಗೇಂತ ಹೇಳ್ರೀ, ಬಸ್ಸು ಹೋಗುತ್ತೆ! ಏನಮ್ಮ, ಅವರಿಗೆ ಮಾತು ಬರಲ್ಲ ಅನ್ಸುತ್ತೆ, ನನಗೆ ಕೊಡಿ’ ಎಂದು ಕೈ ತೂರಿಸಿದ.

ಕನ್ನಡಕದ ಹೆಂಗಸು ಆಗ ತಲೆಯೆತ್ತಿ ಅಣ್ಣನ ಮುಖ ನೋಡಿದಳು. ಪೆನ್ನು ಕೆಳಗಿಟ್ಟಳು. ತೂರಿದ ಕೈಯನ್ನು ಕಿಟಕಿಯಿಂದ ಹೊರಕ್ಕೆ ಸರಿಸಿದಳು.

‘ಸ್ವಲ್ಪ ಇರಿ,’ ಎಂದಳು. ‘ಅವರು ಹೇಳ್ತಾ ಇದ್ದಾರೆ.’

ಇಷ್ಟೇ ಮಾತು. ಗುರುತು ಪರಿಚಯ ಇಲ್ಲದ ಹೆಂಗಸು ಆಡಿದ್ದು. ತಾನು ಹುಟ್ಟಿದಾಗಿನಿಂದ ಈ ಮಾತನ್ನು ಅಣ್ಣನ ಪರವಾಗಿ ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ ಎಂಬುದು ಹೊಳೆದು ತರಾತುರಿ ಕಂಬದ ಹಿಂದಕ್ಕೆ ಸರಿದು ಮುಖ ಮುಚ್ಚಿಕೊಂಡ. ಕಿಟಕಿಯ ಹತ್ತಿರ ಅಣ್ಣ ಊರಿನ ಹೆಸರು ಹೇಳುತ್ತಿದ್ದ.